ಅರೆನೆರಳಿನ ಪಟ್ಟಿಗೆ ಯಾವ ಗಿಡ?

ಪುಣೆಯಂತಹ ನಗರದಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳಲ್ಲಿ ವಾಸಿಸುವ ನಮ್ಮಂತಹವರ ಪಾಲಿಗೆ ‘ಕೈತೋಟ’ವೆಂಬುದು ಬಹುಮಟ್ಟಿಗೆ ಊರಿನ ನೆನಪಿಗೆ ಸೇರಿದ ಶಬ್ದ. ನಮಗೆ ದಕ್ಕುವುದು ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಉಳಿದ ಒಂದು ಮಣ್ಣಿನ ಪಟ್ಟಿ. ಅದೂ ಎಲ್ಲ ಸದಸ್ಯರ ಸೊತ್ತು. ನಮ್ಮ ಸೊಸೈಟಿಯ ಪಟ್ಟಿ 40 ಅಡಿ ಉದ್ದ, 3 ಅಡಿ ಅಗಲ. ಪೂರ್ವದ ಗೋಡೆಗೆ ಆತುಕೊಂಡಿರುವ ಅದಕ್ಕೆ ಬೆಳಗಿನ ಬಿಸಿಲು ಗೋಡೆ ದಾಟಿ ಬರುವಾಗ ಎಂಟೂವರೆ ಗಂಟೆ. ಮಧ್ಯಾಹ್ನ ತಿರುಗುತ್ತಲೇ ಕಟ್ಟಡದ ನೆರಳು. ದಕ್ಷಿಣದ ತುದಿಯಲ್ಲಿ ನೆರೆಯವರ ಮಾವಿನಮರ ಬೇರೆ ಕೊಡೆ ಹಿಡಿದಿದೆ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ವಾಣಿಜ್ಯ ಪದವೀಧರ, ಬ್ಯಾಂಕಿನ ಉದ್ಯೋಗಿ, ಆ ಕಾರಣಕ್ಕಾಗಿಯೇ ಸೊಸೈಟಿಯ ಖಜಾಂಚಿಯ ಕೆಲಸವೂ ಕೊರಳಿಗೆ ಬಿದ್ದವನು. ತೋಟದ ಬಾಬಿಗೆ ಮಂಜೂರಾದ ಹಣವನ್ನು ಮೊದಲ ವರ್ಷ ಗುಲಾಬಿ, ಸೇವಂತಿಗೆ, ಚೆಂಡುಹೂಗಳಿಗೆ ಸುರಿದೆ. ಗಿಡಗಳು ಬೆಳಕನ್ನರಸಿ ಕತ್ತು ಚಾಚಿದವೇ ಹೊರತು ಹೂ ಬಿಡಲಿಲ್ಲ. ಗುಲಾಬಿಯ ಎಲೆಗಳಿಗೆ ಬೂದಿರೋಗ ಹತ್ತಿತು. ಮರುವರ್ಷ ನರ್ಸರಿಯವನು ‘ನೆರಳಿನ ಗಿಡ’ವೆಂದು ತೋರಿಸಿದ, ಹಸಿರು ಎಲೆಯ ಮೇಲೆ ಬಿಳಿಯ ಚುಕ್ಕೆ ಚಿಮುಕಿಸಿದಂತಿದ್ದ ಡೈಫೆನ್‌ಬೇಕಿಯಾದ ಚೆಲುವಿಗೆ ಮಾರುಹೋಗಿ ಹನ್ನೆರಡು ಸಸಿ ತಂದು ನೆಟ್ಟೆ. ಅವು ಸೊಂಪಾಗಿ ಬೆಳೆದವು. ಎಲ್ಲರೂ ಹೊಗಳಿದರು.

2022ರ ಮಾರ್ಚ್ ತಿಂಗಳ ಒಂದು ಸಂಜೆ ಮೊದಲನೆಯ ಅಂತಸ್ತಿನವರ ಮೂರು ವರ್ಷದ ಮಗು ಆ ಎಲೆಯೊಂದನ್ನು ಕಚ್ಚಿತು. ಕ್ಷಣಮಾತ್ರದಲ್ಲಿ ತುಟಿ, ನಾಲಗೆ ಊದಿಕೊಂಡು, ಜೊಲ್ಲು ಸುರಿಯುತ್ತ, ಮಗು ಅಳುವುದಕ್ಕೂ ಆಗದೆ ಕಣ್ಣರಳಿಸಿ ನಿಂತಿತು. ಬಾಯಿ ತೊಳೆಸಿ, ತಣ್ಣನೆಯ ಹಾಲು ಕುಡಿಸಿ ಆಸ್ಪತ್ರೆಗೆ ಒಯ್ದರು. ಉಸಿರಾಟಕ್ಕೆ ತೊಂದರೆಯಾಗಲಿಲ್ಲ, ರಾತ್ರಿಯ ಹೊತ್ತಿಗೆ ಮನೆಗೆ ಬಂದಿತು. ಆ ನಾಲ್ಕು ಗಂಟೆಗಳನ್ನು ನಾನು ಹೇಗೆ ಕಳೆದೆನೆಂಬುದನ್ನು ಬರೆಯಲಾರೆ. ಗಿಡ ಆರಿಸಿದವನು ನಾನು.

ಮಲೆನಾಡಿನಲ್ಲಿಯೇ ಬಾಳು ಸವೆಸಿ, ತಂದೆಯವರ ನಿಧನಾನಂತರ ನಮ್ಮಲ್ಲಿಗೆ ಬಂದಿರುವ ತಾಯಿಯವರು ಕೆಳಗಿಳಿದು ಎಲೆಯನ್ನು ಮುರಿದು ನೋಡಿ, “ಇದು ಕೆಸುವಿನ ಜಾತಿಯಲ್ಲವೇನೋ? ಇಷ್ಟು ದಿನ ನನ್ನನ್ನೊಂದು ಮಾತು ಕೇಳಬಾರದಿತ್ತೆ?” ಎಂದರು. ಆಮೇಲೆ ಪುಸ್ತಕ ತೆರೆದಾಗ ಅವರ ಮಾತೇ ನಿಜವಾಯಿತು. ಕೆಸು, ಸುವರ್ಣಗೆಡ್ಡೆ, ಡೈಫೆನ್‌ಬೇಕಿಯಾ, ಕೆಲೇಡಿಯಂ, ಮನಿಪ್ಲಾಂಟ್ ಎಲ್ಲವೂ ಒಂದೇ ಕುಟುಂಬದವು. ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವು ಸೂಜಿಯಾಕಾರದ ಹರಳುಗಳಾಗಿ ಅಡಗಿದ್ದು, ಅಗಿದಾಗ ಬಾಯಿಯ ಮೃದುಚರ್ಮಕ್ಕೆ ನಾಟುತ್ತದೆ. ಪತ್ರೊಡೆಗೆ ಹುಣಸೆಯ ಹುಳಿ ಹಿಂಡಿ ಚೆನ್ನಾಗಿ ಬೇಯಿಸುವ ನಮ್ಮವರ ಪದ್ಧತಿ ಈ ತುರಿಕೆಗೇ. ಆದರೆ ಡೈಫೆನ್‌ಬೇಕಿಯಾ ಯಾವ ಪಾಕದಿಂದಲೂ ತಿನ್ನುವ ವಸ್ತುವಾಗುವುದಿಲ್ಲ. ಅದರ ರಸ ಕಣ್ಣಿಗೆ ತಗುಲಿದರೂ ಬಲವಾದ ಉರಿ.

ಏಪ್ರಿಲ್‌ನ ಸಾಮಾನ್ಯ ಸಭೆಯಲ್ಲಿ ಪಟ್ಟಿಗೆ ಹಾಸುಗಲ್ಲು ಹೊದಿಸಿ ಸ್ಕೂಟರು ನಿಲ್ಲಿಸುವ ಠರಾವು ಬಂದಿತು. ವಿರೋಧಿಸುವ ಬಾಯಿ ನನಗಿರಲಿಲ್ಲ. ಆದರೆ ಮಂಡಿನೋವಿನ ತಾಯಿಯವರು ದಿನಕ್ಕೊಮ್ಮೆಯಾದರೂ ಮೆಟ್ಟಿಲಿಳಿಯುತ್ತಿದ್ದುದು ಆ ಪಟ್ಟಿಯ ಬಳಿಯ ಕಲ್ಲುಬೆಂಚಿಗಾಗಿ. ದೀಪಾವಳಿಯವರೆಗೆ ಅವಕಾಶ ಬೇಡಿದೆ. ಮಗುವಿನ ತಂದೆಯೇ ‘ಕೊಡೋಣ’ ಎಂದರು.

ಈ ಸಲ ನರ್ಸರಿಗೆ ಹೋಗುವ ಮೊದಲು ಲೆಕ್ಕ ಬರೆದೆ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಕೆಳಗಿಳಿದು, ಎಲ್ಲಿ ಬಿಸಿಲು, ಎಲ್ಲಿ ನೆರಳೆಂದು ಹಳೆಯ ಲೆಡ್ಜರ್ ಹಾಳೆಯಲ್ಲಿ ಗುರುತು ಹಾಕಿದೆ. (ವಾಚ್‌ಮನ್ ನನ್ನ ಆರೋಗ್ಯ ವಿಚಾರಿಸಿದ.) ದಿನಕ್ಕೆ 6 ಗಂಟೆಗೆ ಮೀರಿ ಬಿಸಿಲು ಬಿದ್ದರೆ ಪೂರ್ಣ ಬಿಸಿಲಿನ ಜಾಗ, 3ರಿಂದ 6 ಗಂಟೆಯಾದರೆ ಅರೆನೆರಳು, ಅದಕ್ಕೂ ಕಡಿಮೆಯಾದರೆ ನೆರಳೆಂದೇ ತಿಳಿಯಬೇಕು. ನಮ್ಮಲ್ಲಿ ಉತ್ತರದ ತುದಿಗೆ 4 ಗಂಟೆ, ನಡುವಿಗೆ 3, ಮಾವಿನ ಕೆಳಗೆ ಜರಡಿ ಹಿಡಿದಂತಹ ಬೆಳಕು. ಜನವರಿಯಲ್ಲಿ ಮತ್ತೆ ಬರೆದಾಗ ನಡುವಿನ ಭಾಗದ ಜಮೆ ಅರ್ಧಕ್ಕಿಳಿದಿತ್ತು. ಕಾರಣ ಸರಳ: ಪುಣೆಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲುವುದರಿಂದ ಮರದ ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ. ಒಂದೇ ಋತುವಿನ ಬಿಸಿಲನ್ನು ನೆಚ್ಚಿ ಗಿಡ ಕೊಳ್ಳುವವನು ಮೋಸಹೋಗುತ್ತಾನೆ.

ಆಯ್ಕೆ ಬಹುಪಾಲು ತಾಯಿಯವರದು. ಅಡಿಕೆ, ತೆಂಗಿನ ತೋಟದ ನೆರಳಿನಲ್ಲಿ ಬೆಳೆಯುವುದೆಲ್ಲ ಇಲ್ಲಿಯೂ ಬೆಳೆಯಬೇಕೆಂಬುದು ಅವರ ತರ್ಕ. ಜೂನ್ ಮೊದಲ ವಾರ ನಡುವಿನ ಭಾಗದಲ್ಲಿ ಏರುಮಡಿ ಮಾಡಿ ಅರಿಶಿನ, ಶುಂಠಿಗಳ ಗೆಡ್ಡೆಯಿಟ್ಟೆವು. ಏರುಮಡಿ ಏಕೆಂದರೆ ನೀರು ನಿಂತರೆ ಶುಂಠಿ ಕೊಳೆಯುತ್ತದೆ. ಅರಿಶಿನದ ಅಗಲವಾದ ಎಲೆಗಳು ಯಾವ ವಿದೇಶೀ ಅಲಂಕಾರ ಸಸ್ಯಕ್ಕೂ ಕಡಿಮೆಯಲ್ಲವೆಂಬುದು ನನ್ನ ಅಭಿಪ್ರಾಯ. ಶ್ರಾವಣದಲ್ಲಿ ಅದೇ ಎಲೆಯಲ್ಲಿ ಕಡುಬು ಬೆಂದಾಗ ಎದುರುಮನೆಯವರೂ ಈ ಅಭಿಪ್ರಾಯಕ್ಕೆ ಬಂದರು. ಹೆಚ್ಚು ಬಿಸಿಲಿನ ಉತ್ತರದ ತುದಿಗೆ ಕನಕಾಂಬರ. ಮರಾಠಿಗರು ಅಬೋಲಿ ಎಂದು ಪ್ರೀತಿಸುವ ಈ ಹೂವು ಅರೆನೆರಳಿನಲ್ಲಿಯೂ ಉದಾರವಾಗಿ ಅರಳುತ್ತದೆ. ಮಳೆಗಾಲಕ್ಕೆಂದು ಕರ್ಣಕುಂಡಲದ ಬೀಜ ಎರಚಿದೆವು. ಇಲ್ಲಿಯವರ ಗೌರಿಪೂಜೆಗೆ ಬೇಕಾದ ತೇರಡಾ ಇದೇ. ನಲ್ಲಿಯ ಪಕ್ಕದ ತೇವದಲ್ಲಿ ಸೋನಟಕ್ಕಾ ನೆಟ್ಟೆವು. ಬಿಳಿಯ ಚಿಟ್ಟೆಯಂತಹ ಅದರ ಹೂವಿನ ಪರಿಮಳ ಸಂಜೆಗೆ ಬೆಂಚಿನವರೆಗೂ ಬರುತ್ತದೆ.

ದೊಡ್ಡಪತ್ರೆ ಒಂದು ತುಂಡು ಕಾಂಡ ಊರಿದರೆ ಸಾಕು. ಒಂದೆಲಗಕ್ಕೆ ಅರೆನೆರಳೂ ತೇವವೂ ಒಪ್ಪುತ್ತವೆ. ಆದರೆ ನೆಲಕ್ಕಂಟಿ ಹರಡುವ ಅದನ್ನು ಹಸಿಯಾಗಿ ಅರೆದು ತಂಬುಳಿ ಮಾಡುವವರಾದ್ದರಿಂದ, ನಾಯಿ ಬೆಕ್ಕು ಸುಳಿಯುವ ನೆಲದಲ್ಲಿ ಬೆಳೆಸದೆ ಎತ್ತರದ ಕುಂಡದಲ್ಲಿಟ್ಟು, ಚೆನ್ನಾಗಿ ತೊಳೆದು ಬಳಸುವುದು ಲೇಸು. ಮಾವಿನ ಕೆಳಗೆ ಅಗೆಯಲು ಹೋಗಲಿಲ್ಲ. ಮೇಲೆಯೇ ಹರಡಿದ ಬೇರುಗಳಿಗೆ ಪೆಟ್ಟಾಗುತ್ತದೆ, ಅವು ನೀರನ್ನೂ ಹೀರುತ್ತವೆ. ಉದುರಿದ ಎಲೆಯ ಗೊಬ್ಬರ ಹರಡಿ ಜರೀಗಿಡಗಳನ್ನಿಟ್ಟೆವು. ಗೋಡೆಯ ಬದಿಯ ಕಂಬಕ್ಕೆ ವೀಳ್ಯದೆಲೆಯ ಬಳ್ಳಿ. ತುಳಸಿಯೊಂದು ಮಾತ್ರ ಸೋತಿತು: ಸೊರಗಿ ಉದ್ದುದ್ದ ಬೆಳೆದಾಗ ತಾಯಿಯವರೇ ಅದನ್ನು ತಾರಸಿಗೆ ಕಳುಹಿಸಿದರು.

ನೆರಳಿನ ಮಣ್ಣು ಬೇಗ ಒಣಗದು. ದಿನವೂ ನೀರು ಹೊಯ್ಯುವ ಉತ್ಸಾಹವನ್ನು ಅಡಗಿಸಿ, ಬೆರಳು ಚುಚ್ಚಿ ಒಂದಂಗುಲ ಒಣಗಿದ್ದರೆ ಮಾತ್ರ ಹೊಯ್ಯಬೇಕು. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ತಟ್ಟೆಯನ್ನು ಉಜ್ಜಿಡಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ಸುಮಾರು 7ರಿಂದ 10 ದಿನ ಸಾಕು. ನಮ್ಮಲ್ಲಿ ಈ ಕೆಲಸ ಶನಿವಾರದ್ದು, ನನ್ನದು.

ದೀಪಾವಳಿಯ ಸಭೆಯಲ್ಲಿ ಹಾಸುಗಲ್ಲಿನ ಮಾತೆತ್ತಿದವರಿರಲಿಲ್ಲ. ಫೆಬ್ರವರಿಯಲ್ಲಿ ಅರಿಶಿನ ಅಗೆದಾಗ ಮೊದಲ ಪಾಲು ಮೊದಲನೆಯ ಅಂತಸ್ತಿಗೆ ಹೋಯಿತು. ಆ ಮಗುವೇ ಎರಡೂ ಕೈಯಲ್ಲಿ ಹೊತ್ತು ಮೆಟ್ಟಿಲು ಹತ್ತಿತು. ಸ್ಕೂಟರುಗಳ ಸಂಖ್ಯೆ ಮಾತ್ರ ಏರುತ್ತಲೇ ಇದೆ. ಈ ವರ್ಷದ ಕಾರ್ಯಸೂಚಿಯಲ್ಲಿ ಹಾಸುಗಲ್ಲಿನ ಠರಾವು ಮತ್ತೆ ಕಾಣಿಸಿಕೊಂಡಿದೆ. ಸಭೆಗೆ ತಾವೂ ಬರುವುದಾಗಿ ತಾಯಿಯವರು ತಿಳಿಸಿದ್ದಾರೆ.