ಜೀಪಿನ ಬುಷ್ ನಾವೇ ಬದಲಾಯಿಸೋಣ

ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ನಾವೇ ಹೊಸದು ಹಾಕುತ್ತೇವಲ್ಲವೇ? ಜೀಪಿನ ಸ್ಪ್ರಿಂಗಿನ ರಬ್ಬರ್ ಬುಷ್ ಕೂಡ ಹಾಗೇ. ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮಳೆಗಾಲದ ರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಜೀಪೇ ಗತಿ. ಮೆಕ್ಯಾನಿಕ್ ಇರುವುದು ಪೇಟೆಯಲ್ಲಿ! ಅದಕ್ಕೇ 40ನೇ ವಯಸ್ಸಿನಲ್ಲಿ ಈ ಕೆಲಸ ಕಲಿತೆ.

ಹಳೆಯ ಮಹೀಂದ್ರ ಜೀಪುಗಳಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಇರುತ್ತೆ. ಅದರ ಒಂದು ತುದಿ ಚಾಸಿಗೆ ಪಿನ್ನಿನಿಂದ ಕೂತಿದ್ದರೆ, ಇನ್ನೊಂದು ಶ್ಯಾಕಲ್ ಎಂಬ ಕೊಂಡಿಯಲ್ಲಿ ತೂಗುತ್ತೆ. ಭಾರ ಬಿದ್ದು ಸ್ಪ್ರಿಂಗ್ ಚಪ್ಪಟೆಯಾದಾಗ ಉದ್ದವಾಗುವುದರಿಂದ ಈ ಓಲಾಟ ಬೇಕೇ ಬೇಕು. ಬುಷ್ ಸವೆದರೆ ಕಟಕಟ ಸದ್ದು; ಸ್ಟೀರಿಂಗ್ ಹಿಡಿದರೂ ಗಾಡಿ ಅತ್ತಿತ್ತ ಎಳೆಯುತ್ತೆ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ನುಸುಳಲೇಬೇಡಿ! ಆಕ್ಸಲಿಗೆ ಇನ್ನೊಂದು ಜಾಕ್ ಆನಿಸಿ, ಸ್ಪ್ರಿಂಗಿನ ಬಿಗಿ ಸಡಿಲಾದ ಮೇಲೆ ಶ್ಯಾಕಲ್ ಬಿಚ್ಚಿ. ಹೊಸ ಬುಷ್‌ಗೆ ಎಣ್ಣೆ, ಗ್ರೀಸು ತಾಗಿಸಬಾರದು, ರಬ್ಬರ್ ಕೆಡುತ್ತೆ. ಸೋಪಿನ ನೀರು ಸವರಿದರೆ ಸಲೀಸಾಗಿ ಕೂರುತ್ತೆ.

ಮುಖ್ಯ ಗುಟ್ಟು ಇದು: ಗಾಡಿ ನೆಲಕ್ಕಿಳಿದು ಭಾರ ಸ್ಪ್ರಿಂಗಿನ ಮೇಲೆ ಬಿದ್ದ ಬಳಿಕವೇ ನಟ್ಟನ್ನು ಪೂರ್ತಿ ಬಿಗಿ ಮಾಡಿ. ಮೇಲೆತ್ತಿದ್ದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಎರಡೂ ಬದಿಯದನ್ನು ಬದಲಾಯಿಸಿ, ಆದರೆ ಒಂದು ಮುಗಿದ ಮೇಲೆ ಇನ್ನೊಂದು.

ಸ್ವಲ್ಪ ದೂರ ಓಡಿಸಿ ನಟ್ಟು ಮತ್ತೊಮ್ಮೆ ನೋಡಿ. ಪಟ್ಟಿಯೇ ಮುರಿದಿದ್ದರೆ ಮಾತ್ರ ವರ್ಕ್‌ಶಾಪಿಗೇ ಒಪ್ಪಿಸಿ, ಸೋದರಿಯರೇ.