ಹಳೇ ಕಾರ್ ಬ್ಯಾಟರಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಎಂಜಿನ್ ತಿರುಗಿಸಲು ಸೋತು ಕಾರಿನಿಂದ ಇಳಿದ ಬ್ಯಾಟರಿಯಲ್ಲಿ ಸಣ್ಣಪುಟ್ಟ ಕೆಲಸಗಳಿಗಾಗುವಷ್ಟು ಕಸುವು ಉಳಿದಿರುವುದುಂಟು. ಕರೆಂಟ್ ಹೋದಾಗ ಎಲ್‌ಇಡಿ ದೀಪ ಉರಿಸಲು, ಹಾರ್ನ್, ವೈಪರ್ ಮೋಟಾರ್‌ಗಳನ್ನು ಪರೀಕ್ಷಿಸಲು ಮನೆಯ ವರ್ಕ್‌ಶಾಪಿನಲ್ಲಿ ಅದು ಚೆನ್ನಾಗಿ ಒದಗುತ್ತದೆ. ಆದರೆ ಬಾಯಿಂದ ಬಾಯಿಗೆ ಹರಡಿದ ಕೆಲವು ಮಾತುಗಳನ್ನು ನಂಬಿ ಹಲವರು ಬ್ಯಾಟರಿಯನ್ನು ಕೆಡಿಸಿಕೊಳ್ಳುತ್ತಾರೆ, ಕೆಲವರು ಕೈ, ಕಣ್ಣುಗಳಿಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಅವುಗಳಲ್ಲಿ ಮುಖ್ಯವಾದವು ಇಲ್ಲಿವೆ.

1. ತಪ್ಪು ಕಲ್ಪನೆ: ಮೀಟರ್ 12 ವೋಲ್ಟ್ ತೋರಿಸಿದರೆ ಬ್ಯಾಟರಿ ಚೆನ್ನಾಗಿದೆ.

ವಾಸ್ತವ: ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಸುಮಾರು 12.6 ವೋಲ್ಟ್ ಇರಬೇಕು. 12 ವೋಲ್ಟ್ ಎಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಖಾಲಿ. 12.6 ಬಂದರೂ ಅಷ್ಟಕ್ಕೇ ನಂಬಬಾರದು. ಲೋಡ್ ಇಲ್ಲದೆ ಅಳೆದ ವೋಲ್ಟೇಜು ಚಾರ್ಜ್ ಎಷ್ಟಿದೆ ಎಂದು ಹೇಳುತ್ತದೆ, ಬ್ಯಾಟರಿಯ ತಾಕತ್ತನ್ನು ಹೇಳುವುದಿಲ್ಲ. ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಜೋಡಿಸಿ ನೋಡಿ. ಅದು ನಾಲ್ಕೂವರೆ ಆಂಪಿಯರ್‌ನಷ್ಟು ಎಳೆಯುತ್ತದೆ. ಕೆಲವೇ ನಿಮಿಷಗಳಲ್ಲಿ ವೋಲ್ಟೇಜು 11ರ ಕೆಳಗಿಳಿದರೆ ಆ ಬ್ಯಾಟರಿಯ ಕಥೆ ಮುಗಿದಿದೆ. ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಆರೂ ಸೆಲ್‌ಗಳನ್ನು ಹೈಡ್ರೋಮೀಟರಿನಲ್ಲಿ ನೋಡಿ. ಐದರಲ್ಲಿ 1.250ರ ಆಸುಪಾಸು ಇದ್ದು ಒಂದರಲ್ಲಿ ಮಾತ್ರ 1.100 ಬಂದರೆ ಆ ಸೆಲ್ ಸತ್ತಿದೆ. ಅಂಥದ್ದಕ್ಕೆ ಚಾರ್ಜರ್ ಹಚ್ಚಬೇಡಿ.

2. ತಪ್ಪು ಕಲ್ಪನೆ: ಕಾರಿನ ಬ್ಯಾಟರಿಯೂ ಇನ್ವರ್ಟರ್ ಬ್ಯಾಟರಿಯೂ ಒಂದೇ.

ವಾಸ್ತವ: ಎರಡರಲ್ಲೂ ಇರುವುದು ಸೀಸ ಮತ್ತು ಗಂಧಕಾಮ್ಲವೇ. ಆದರೆ ಕಾರಿನದ್ದರಲ್ಲಿ ತೆಳು ಪ್ಲೇಟ್‌ಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಸ್ಟಾರ್ಟರ್ ಮೋಟಾರಿಗೆ ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಕೊಟ್ಟು, ಕೂಡಲೇ ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳಲು ಅದನ್ನು ಮಾಡಿರುತ್ತಾರೆ. ಪೂರ್ತಿ ಬರಿದಾಗುವವರೆಗೆ ಬಳಸಿದರೆ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತದೆ. ಆದ್ದರಿಂದ ಸಣ್ಣ ಲೋಡ್ ಹಾಕಿ, 12.2 ವೋಲ್ಟಿಗೆ ಇಳಿಯುವಷ್ಟರಲ್ಲಿ ನಿಲ್ಲಿಸಿ ಮತ್ತೆ ಚಾರ್ಜ್ ಮಾಡಿ.

3. ತಪ್ಪು ಕಲ್ಪನೆ: ಬೇಕಾದಾಗ ಚಾರ್ಜ್ ಮಾಡಿದರಾಯಿತು, ಅಲ್ಲಿಯವರೆಗೆ ಮೂಲೆಯಲ್ಲಿರಲಿ.

ವಾಸ್ತವ: ಹಳೇ ಬ್ಯಾಟರಿಗಳನ್ನು ಹೆಚ್ಚಾಗಿ ಕೊಲ್ಲುವುದು ಇದೇ ಅಭ್ಯಾಸ. ಚಾರ್ಜ್ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಮತ್ತೆ ಬಿಡುವುದಿಲ್ಲ. ಬ್ಯಾಟರಿ ಬಳಸದಿದ್ದರೂ ತಾನಾಗಿ ಇಳಿಯುತ್ತದೆ, ಬೇಸಿಗೆಯ ಸೆಕೆಯಲ್ಲಂತೂ ಇನ್ನೂ ಬೇಗ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡುವುದು ತಪ್ಪಬಾರದು.

4. ತಪ್ಪು ಕಲ್ಪನೆ: ಹೆಚ್ಚು ಆಂಪಿಯರ್ ಕೊಟ್ಟಷ್ಟೂ ಒಳ್ಳೆಯದು.

ವಾಸ್ತವ: ಬ್ಯಾಟರಿಯ ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಭಾಗ ಸಾಕು. 35 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 3.5 ಆಂಪಿಯರ್. ತಾನೇ ನಿಲ್ಲದ ಹಳೇ ಚಾರ್ಜರನ್ನು ರಾತ್ರಿಯಿಡೀ ಹಚ್ಚಿಟ್ಟರೆ ನೀರು ಆವಿಯಾಗಿ, ಪ್ಲೇಟ್ ಬಿಸಿಯಾಗಿ ಹಾಳಾಗುತ್ತದೆ. ವೋಲ್ಟೇಜು 14.4ರ ಸುಮಾರಿಗೆ ಬಂದಾಗ ಗಮನವಿಡಿ. ಮೈ ಮುಟ್ಟಲಾಗದಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ.

5. ತಪ್ಪು ಕಲ್ಪನೆ: ಮಟ್ಟ ಇಳಿದರೆ ಆ್ಯಸಿಡ್ ಹಾಕಬೇಕು, ಎಪ್ಸಮ್ ಉಪ್ಪು ಹಾಕಿದರೆ ಬ್ಯಾಟರಿ ಮರುಜೀವ ಪಡೆಯುತ್ತದೆ.

ವಾಸ್ತವ: ಆರಿಹೋಗುವುದು ನೀರು, ಆ್ಯಸಿಡ್ ಅಲ್ಲ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಮುಗಿದ ಮೇಲೆ. ಪ್ಲೇಟ್ ತೆರೆದುಕೊಂಡಿದ್ದರೆ ಅದು ಮುಳುಗುವಷ್ಟು ನೀರನ್ನು ಮೊದಲೇ ಹಾಕಿ. ಬೋರ್‌ವೆಲ್ ನೀರಿನ ಖನಿಜಗಳು ಬ್ಯಾಟರಿಗೆ ವಿಷ. ಎಪ್ಸಮ್ ಉಪ್ಪು ಸವೆದ ಪ್ಲೇಟನ್ನು ಮರಳಿ ಬೆಳೆಸುವುದಿಲ್ಲ.

6. ತಪ್ಪು ಕಲ್ಪನೆ: ಬರೀ 12 ವೋಲ್ಟ್, ಏನೂ ಆಗುವುದಿಲ್ಲ.

ವಾಸ್ತವ: ಒಣ ಕೈಗೆ ಶಾಕ್ ಹೊಡೆಯದು, ನಿಜ. ಆದರೆ ಎರಡೂ ಟರ್ಮಿನಲ್‌ಗಳಿಗೆ ಸ್ಪ್ಯಾನರ್ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ. ನಡುವೆ ಸಿಕ್ಕಿದ ಉಂಗುರ ಕ್ಷಣದಲ್ಲಿ ಕಾದು ಬೆರಳನ್ನು ಸುಡುತ್ತದೆ. ಉಂಗುರ, ವಾಚು ಬಿಚ್ಚಿಡಿ. ಪಾಸಿಟಿವ್ ಟರ್ಮಿನಲ್‌ನ ಪಕ್ಕದಲ್ಲೇ ಫ್ಯೂಸ್ ಹಾಕಿ.

ಇದಕ್ಕಿಂತ ದೊಡ್ಡ ಅಪಾಯ ಹೈಡ್ರೋಜನ್. ಚಾರ್ಜ್ ಆಗುವಾಗ ಹೊರಬರುವ ಈ ಅನಿಲ ಗಾಳಿಯಲ್ಲಿ ಶೇ. 4ರಷ್ಟಾದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ಸಿಡಿದರೆ ಆ್ಯಸಿಡ್ ಮುಖಕ್ಕೆ ಎರಚುತ್ತದೆ. ಕಿಟಕಿ ತೆರೆದಿಡಿ, ಕನ್ನಡಕ ಹಾಕಿ. ಕ್ಲಿಪ್ ಹಾಕಿದ ಮೇಲೆ ಚಾರ್ಜರ್ ಆನ್ ಮಾಡಿ, ಆಫ್ ಮಾಡಿದ ಮೇಲೆ ಕ್ಲಿಪ್ ತೆಗೆಯಿರಿ. ಆ್ಯಸಿಡ್ ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಹಾಕಬಹುದು. ಕಣ್ಣಿಗೆ ಬಿದ್ದರೆ ಸೋಡಾ ಬೇಡ. ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರಿನಲ್ಲಿ ತೊಳೆಯುತ್ತಾ, ತಡಮಾಡದೆ ವೈದ್ಯರ ಬಳಿ ಹೋಗಿ.

7. ತಪ್ಪು ಕಲ್ಪನೆ: ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ.

ವಾಸ್ತವ: ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗಳ ಮಟ್ಟಿಗೆ ಇದು ಸುಳ್ಳು. ಮೇಲ್ಭಾಗದಲ್ಲಿ ಕೂತ ಆ್ಯಸಿಡ್ ಪಸೆ, ಧೂಳಿನ ಮೂಲಕವೇ ಕರೆಂಟ್ ಸೋರುವುದು. ಅದನ್ನು ಒರೆಸಿ, ಟರ್ಮಿನಲ್ ಉಜ್ಜಿ, ತೆಳುವಾಗಿ ವ್ಯಾಸಲೀನ್ ಸವರಿ.

8. ತಪ್ಪು ಕಲ್ಪನೆ: ಸತ್ತ ಬ್ಯಾಟರಿ ಒಡೆದು ಸೀಸ ತೆಗೆದರೆ ಲಾಭ.

ವಾಸ್ತವ: ಸೀಸದ ಧೂಳು, ಹೊಗೆ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು. ಚರಂಡಿಗೆ ಸುರಿದ ಆ್ಯಸಿಡ್ ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ. ಬಳಸಿದ ಬ್ಯಾಟರಿಗಳನ್ನು ಮರಳಿ ಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಹಳೇ ಬ್ಯಾಟರಿಯನ್ನು ಕೊನೆಯ ಕಸುವಿನವರೆಗೂ ದುಡಿಸಿಕೊಳ್ಳಿ, ಅದು ಒಳ್ಳೆಯ ಮಿತವ್ಯಯ. ಅದರ ಕೆಲಸ ಮುಗಿದ ದಿನ ಮಾತ್ರ ಒಡೆಯದೆ, ಸುರಿಯದೆ, ಇಡಿಯಾಗಿ ಬ್ಯಾಟರಿ ಅಂಗಡಿಗೆ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ.