ಬೇಡವಾದ ಪಾದರಸ

ಸಾಮಾನ್ಯ ಉಷ್ಣದಲ್ಲಿ ನೀರಿನಂತೆ ಹರಿಯುವ ಲೋಹವು ಪಾದರಸವೊಂದೇ. ಚಿಕ್ಕ ಸೀಸೆಯೆಂದು ಅಲಕ್ಷ್ಯದಿಂದ ಎತ್ತಿದವಳ ಕೈ ತಟ್ಟನೆ ಜಗ್ಗುವುದು. ಯಾಕಂದರೆ ಅದು ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾಗಿದೆ. ಕಬ್ಬಿಣದ ಮೊಳೆಯು ಅದರ ಮೇಲೆ ತೇಲುತ್ತದೆ. ಒಡೆದ ಜ್ವರಮಾಪಕದ ಪಾದರಸವನ್ನು ನಾವು ಬಾಲ್ಯದಲ್ಲಿ ಅಂಗೈಯಲ್ಲಿ ಉರುಳಿಸಿ ಆಡಿದ್ದುಂಟು. ಆ ಆಟವನ್ನು ಈಗ ಸಮರ್ಥಿಸಲಾರೆವು.

ಈ ಲೋಹದಿಂದ ಮನುಷ್ಯರಿಗಾದ ಉಪಕಾರವು ಅಲ್ಪವಲ್ಲ. 1643ರಲ್ಲಿ ಟಾರಿಸೆಲ್ಲಿಯು ಇದರಿಂದಲೇ ವಾಯುವಿನ ಭಾರವನ್ನು ಅಳೆದನು. 1714ರಲ್ಲಿ ಫ್ಯಾರನ್‌ಹೀಟನು ಇದರಿಂದ ಉಷ್ಣಮಾಪಕವನ್ನು ಮಾಡಿದನು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಅರೆದ ಅದಿರನ್ನು ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನವು ಪಾದರಸಕ್ಕೆ ಅಂಟಿಕೊಳ್ಳುವುದು. ತರುವಾಯ ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುವುದು. ರೋಗಿಗಳ ರಕ್ತದ ಒತ್ತಡವನ್ನು ಅಳೆಯುವ ಸಾಧನದಲ್ಲಿಯೂ ಇದೇ ಲೋಹವಿತ್ತು. ಆದರೆ ಪಾದರಸದ ಬಳಕೆಯನ್ನು ಕುಗ್ಗಿಸಬೇಕೆಂದು 2013ರಲ್ಲಿ ರಾಷ್ಟ್ರಗಳು ಮಿನಮಾಟಾ ಒಪ್ಪಂದವನ್ನು ಮಾಡಿಕೊಂಡವು. 2018ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಹೀಗಾಗಿ ಶಾಲೆಗಳ ಕಪಾಟುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಉಳಿದ ಪಾದರಸವು ಬೇಡವಾದ ವಸ್ತುವಾಗಿದೆ. ಅದನ್ನು ಏನು ಮಾಡಬೇಕೆಂಬುದನ್ನು ಬಲ್ಲವರು ಕೊಂಚವೇ.

ನುಂಗಿದ ಪಾದರಸವು ಬಹುಮಟ್ಟಿಗೆ ಹೊಟ್ಟೆಯಿಂದ ಹಾಗೆಯೇ ಹೊರಬೀಳುತ್ತದೆ. ಕೇಡು ಮಾಡುವುದು ಕಣ್ಣಿಗೆ ಕಾಣದ, ವಾಸನೆಯಿಲ್ಲದ ಅದರ ಆವಿ. ಉಸಿರಿನೊಡನೆ ಒಳಹೊಕ್ಕ ಆವಿಯ ಬಹುಭಾಗವು ದೇಹದಲ್ಲಿಯೇ ನಿಲ್ಲುತ್ತದೆ. ಬಹುಕಾಲ ಸೇವಿಸಿದವರ ಕೈ ನಡುಗುವುದು, ವಸಡು ಬಾಯುವುದು, ಮರೆವೂ ಮುಂಗೋಪವೂ ಹೆಚ್ಚುವುದು. ಗರ್ಭದ ಶಿಶುವಿಗೂ ಅದು ತಲಪುವುದು. ಮುಚ್ಚಿದ ಕೋಣೆಯ ಒಂದು ಘನ ಮೀಟರ್ ಗಾಳಿಯು 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 13 ಮಿಲಿಗ್ರಾಂ ಆವಿಯನ್ನು ಹಿಡಿಯಬಲ್ಲುದು. 40 ಡಿಗ್ರಿಯಲ್ಲಿ ಸುಮಾರು 60. ಕೆಲಸಗಾರರ ಗಾಳಿಯಲ್ಲಿ 0.025 ಮಿಲಿಗ್ರಾಂ ಮೀರಬಾರದೆಂದು ಅಮೇರಿಕೆಯ ತಜ್ಞರ ಎಣಿಕೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಗೊಬ್ಬೂರಿನಂಥ ಊರಿನವರು ಈ ಲೆಕ್ಕವನ್ನು ಎರಡು ಸಲ ಓದತಕ್ಕದ್ದು.

ಆದುದರಿಂದ ಪಾದರಸ ಚೆಲ್ಲಿದರೆ ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು. ಉಂಗುರ, ಬಳೆಗಳನ್ನು ತೆಗೆದಿಡಬೇಕು; ಪಾದರಸ ತಗಲಿದ ಚಿನ್ನವು ಬೆಳ್ಳಗಾಗಿ ಕೆಡುವುದು. ಕಸಬರಿಗೆಯನ್ನು ಮುಟ್ಟಲೇಬಾರದು: ಗುಡಿಸಿದಷ್ಟೂ ಒಂದು ಹನಿಯು ನೂರಾಗಿ ಹರಡುವುದು. ನಮ್ಮ ಕಡೆಯ ಶಹಾಬಾದಿ ಫರಸಿಯ ಸಂದುಗಳು ಅದಕ್ಕೆ ಒಳ್ಳೆಯ ಅಡಗುದಾಣಗಳು. ದೀಪವನ್ನು ನೆಲದ ಮಟ್ಟಕ್ಕೆ ಹಿಡಿದರೆ ಹನಿಗಳು ಮಿನುಗುವುವು. ಕೈಚೀಲ ತೊಟ್ಟು, ಎರಡು ಗಟ್ಟಿ ಕಾಗದಗಳಿಂದ ಅವನ್ನು ಒಟ್ಟುಗೂಡಿಸಿ, ಸಣ್ಣವನ್ನು ಮಸಿ ತುಂಬುವ ಪಿಚಕಾರಿಯಿಂದ ಹೀರಿಕೊಳ್ಳಬಹುದು. ಸಂದಿನಲ್ಲಿ ಉಳಿದುದರ ಮೇಲೆ ಗಂಧಕದ ಪುಡಿಯನ್ನು ಉದುರಿಸುವುದುಂಟು. ಅದರ ಕ್ರಿಯೆಯು ನಿಧಾನವಾದುದರಿಂದ ಅದನ್ನೇ ನೆಚ್ಚಿ ಕೂಡ್ರಬಾರದು. ಕೂಡಿಸಿದುದನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಹಾಕಿ, ಸೀಸೆಯನ್ನು ಮತ್ತೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿರಿಸಬೇಕು. ಅಲ್ಯುಮಿನಿಯಂ ಪಾತ್ರೆ ಸಲ್ಲದು, ಪಾದರಸವು ಅದನ್ನು ತಿಂದುಬಿಡುವುದು.

ಇನ್ನು ವಿಸರ್ಜನೆಯ ಮಾತು. ಪಾದರಸವು ಮೂಲಧಾತು; ಸುಟ್ಟರೂ ಹೂತರೂ ನಾಶವಾಗದು, ಸ್ಥಳವನ್ನು ಮಾತ್ರ ಬದಲಿಸುವುದು. ಆಳಂದ, ಅಫಜಲಪುರ, ಜೇವರ್ಗಿಗಳ ಮೋರಿಗಳಲ್ಲಿ ಸುರಿದುದು ಮಳೆಗಾಲದಲ್ಲಿ ಭೀಮೆಯ ಕಡೆಗೇ ಹೊರಡುವುದು. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರವಾದ ವಿಷವಾಗಿ ಮಾರ್ಪಡಿಸುವುವು. ಅದು ಮೀನಿನಲ್ಲಿ ಸೇರಿ ತಿನ್ನುವವರಿಗೆ ಮರಳುವುದು. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಅಂಥ ವಿಷವನ್ನೇ ಕೊಲ್ಲಿಗೆ ಬಿಟ್ಟಿತು. 1956ರಲ್ಲಿ ರೋಗವು ಬೈಲಿಗೆ ಬಂದಾಗ ಮೊದಲು ಕಂಡ ರೋಗಿಗಳು ಎಳೆಯ ಹುಡುಗಿಯರು. ನಮ್ಮ ನೆರೆಯ ಕೊಡೈಕೆನಾಲಿನಲ್ಲಿ ಹಿಂದೂಸ್ತಾನ್ ಲೀವರ್ ಸಂಸ್ಥೆಯ ಜ್ವರಮಾಪಕದ ಕಾರ್ಖಾನೆಯಿಂದ ಪಾದರಸ ಮೆತ್ತಿದ ಗಾಜಿನ ಚೂರುಗಳು ಗುಜರಿ ಅಂಗಡಿಯನ್ನು ಸೇರಿದ್ದುವು. 2001ರಲ್ಲಿ ಕಾರ್ಖಾನೆಯು ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಕಸವನ್ನು ಹಡಗಿನಲ್ಲಿ ಅಮೇರಿಕೆಗೆ ಸಾಗಿಸಬೇಕಾಯಿತು.

ಶಾಲೆಯಲ್ಲಿಯೋ ಮನೆಯಲ್ಲಿಯೋ ಹಳೆಯ ಪಾದರಸವಿದ್ದರೆ ಸೀಸೆಗೆ ಹೆಸರಿನ ಚೀಟಿಯಂಟಿಸಿ, ತಂಪಾದ ಸ್ಥಳದಲ್ಲಿ ಬೀಗ ಹಾಕಿಟ್ಟು, ಕಲಬುರಗಿಯಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಬರೆದು ಕೇಳಬೇಕು. ಅನುಮತಿಯುಳ್ಳವರ ಕೈಗೆ ಒಪ್ಪಿಸಿ ರಸೀದಿ ಪಡೆಯುವ ತನಕ ಸೀಸೆಯ ಹೊಣೆಯು ನಮ್ಮದೇ. ಗುಜರಿಯವನು ಒಳ್ಳೆಯ ಬೆಲೆ ಕೊಡುವೆನೆಂದರೂ ಅವನಿಗೆ ಕೊಡಕೂಡದು.